ಹೊಳೆಯಾಚೆ ಧಾರವಾಡ, ಹೊಳೆಯೀಚೆ ಮೈಸೂರು

ತುಂಗಭದ್ರೆಯ ದಂಡೆಯ ಹರಿಹರ ನಮ್ಮೂರು. ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಈಗ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಇದು ಬರೀ ಒಂದು ಹೊಳೆ. ಆದರೆ 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಹೊಸದಾಗಿ ರಚನೆಯಾಗುವ ತನಕ ಇದು ಗಡಿಯೂ ಆಗಿತ್ತು. ಈ ದಂಡೆ ಮೈಸೂರು ಸೀಮೆ, ಆ ದಂಡೆ ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆ. ನಮ್ಮಮ್ಮ ಆ ದಂಡೆಯಲ್ಲಿ ಹುಟ್ಟಿ ಈ ದಂಡೆಗೆ ಸೊಸೆಯಾಗಿ ಬಂದವರು. ದೊಡ್ಡಮ್ಮ ರಾಣೆಬೆನ್ನೂರಿನಲ್ಲೇ ಉಳಿದರು. ಹೀಗಾಗಿ ನಮ್ಮ ಒಂದೇ ಬಳಗದಲ್ಲಿ ಎರಡು ಸರ್ಕಾರ, ಎರಡು ಬಗೆಯ ಕನ್ನಡ, ಎರಡು ಬಗೆಯ ಊಟ. ಮುಂದೆ ಮಕ್ಕಳು ದೊಡ್ಡವರಾದಾಗ ಎರಡು ವಿಶ್ವವಿದ್ಯಾಲಯಗಳೂ ಬಂದವು. ದೊಡ್ಡಮ್ಮನ ಮಗಳು, ನಮ್ಮಕ್ಕ, ಧಾರವಾಡಕ್ಕೆ ಹೋದಳು. ನಾನು ಮೈಸೂರಿಗೆ ಹೋದೆ.

ಊರಿನಲ್ಲಿ ಮದುವೆ ಮುಂಜಿಗೆ ಹೋದಾಗ ತಾಯಂದಿರು ನನ್ನನ್ನು ಈಗಲೂ ಒಂದು ಪ್ರಶ್ನೆ ಕೇಳುತ್ತಾರೆ. "ಮಗಳು ಎಂ.ಎ. ಓದ್ತೀನಿ ಅಂತಾಳೆ. ಮೈಸೂರು ಒಳ್ಳೇದೋ, ಧಾರವಾಡ ಒಳ್ಳೇದೋ? ಎಲ್ಲಿ ಖರ್ಚು ಕಡಿಮೆ?" ನಾನು ಇತಿಹಾಸ ಓದಿ, ಇತಿಹಾಸವನ್ನೇ ಪಾಠ ಮಾಡಿ ನಿವೃತ್ತಳಾದವಳು. ಯಾವ ಪ್ರಶ್ನೆ ಕೇಳಿದರೂ ಹಿಂದಕ್ಕೆ ಹೋಗಿಯೇ ಉತ್ತರ ಹೇಳುವ ಚಾಳಿ ನನ್ನದು. ಅಷ್ಟು ಹೊತ್ತು ನಿಂತು ಕೇಳಲು ಮದುವೆಮನೆಯಲ್ಲಿ ಯಾರಿಗೆ ಪುರುಸೊತ್ತು? ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೈಸೂರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಅದಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾಲಯದ ಕೆಳಗಿದ್ದವು. ಪಾಠ ಇಲ್ಲಿ, ಪದವಿ ಅಲ್ಲಿಯದು. ಏನು ಓದಬೇಕು, ಯಾರು ಪಾಸು ಎಂದು ನಿರ್ಧರಿಸುವವರು ಮದರಾಸಿನಲ್ಲಿ. ನಮ್ಮ ಮಕ್ಕಳಿಗೆ ಬೇಕಾದ ಓದನ್ನು ನಾವೇ ಗೊತ್ತುಮಾಡಬೇಕು ಎಂಬುದು ವಿಶ್ವೇಶ್ವರಯ್ಯನವರ ಹಟ. ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಹೇಗಿವೆ ಎಂಬುದನ್ನು ಸಿ.ಆರ್. ರೆಡ್ಡಿ, ಥಾಮಸ್ ಡೆನ್‌ಹ್ಯಾಮ್ ಅವರಿಂದ ಅಭ್ಯಾಸ ಮಾಡಿಸಿಯೇ ಕೆಲಸಕ್ಕೆ ಕೈ ಹಾಕಿದ್ದು.

ಅದರ ಖರ್ಚು ಸಂಸ್ಥಾನದ ಬೊಕ್ಕಸದ್ದು. ಬೊಕ್ಕಸ ಎಂದರೆ ಕೊನೆಗೆ ರೈತರ ಕಂದಾಯವೇ, ನಿಜ. ಆದರೆ ಕಾಲೇಜು ಕಟ್ಟುತ್ತೇವೆ, ಚಂದಾ ಕೊಡಿ ಎಂದು ಯಾರೂ ನಮ್ಮೂರಿನ ಮನೆಬಾಗಿಲಿಗೆ ಬರಲಿಲ್ಲ. ಅರಮನೆ ಮನಸ್ಸು ಮಾಡಿತು, ದಿವಾನರು ಯೋಜನೆ ಹಾಕಿದರು, ಆಯಿತು. ಹೆಣ್ಣುಮಕ್ಕಳ ಓದಿಗೂ ಅರಮನೆಯ ಆಸರೆ ಇತ್ತು. 1881ರಲ್ಲಿ ಹುಡುಗಿಯರ ಶಾಲೆಯಾಗಿ ಮೊದಲಾದದ್ದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು.

ಇನ್ನು ಧಾರವಾಡ. ಅಲ್ಲಿ ಅರಸರೂ ಇಲ್ಲ, ದಿವಾನರೂ ಇಲ್ಲ. ಮುಂಬಯಿ ಸರ್ಕಾರಕ್ಕೆ ಕನ್ನಡ ಜಿಲ್ಲೆಗಳೆಂದರೆ ಇಲಾಖೆಯ ತೆಂಕಣ ಅಂಚು. ಮೆಟ್ರಿಕ್ ಮುಗಿಸಿದ ಹುಡುಗ ಕಾಲೇಜು ಕಲಿಯಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಬೇಂದ್ರೆಯವರು ಬಿ.ಎ. ಮಾಡಿದ್ದೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಊರಲ್ಲೇ ಒಂದು ಕಾಲೇಜಾಗಬೇಕೆಂದು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಓಡಾಡಿ ಜನರಿಂದ ಹಣ ಕೂಡಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಹಿಂದೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಟ್ಟಡದಲ್ಲಿ ಅದು ನೆಲೆಗೊಂಡಿತು.

ಆದರೂ ನೆಮ್ಮದಿ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ಹಣದ ಮುಗ್ಗಟ್ಟು ಬಂದಾಗ, ಖರ್ಚು ಉಳಿಸಲು ಈ ಕಾಲೇಜನ್ನೇ ಮುಚ್ಚಿಬಿಡೋಣ ಎಂಬ ಮಾತು ಎದ್ದಿತು. ಆಗ ಅದನ್ನು ಉಳಿಸಿಕೊಳ್ಳಲು ಹೆಣಗಿದವರು ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು. ಈ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸ ಇದೆ.

ಕಾಲೇಜಿಗೆ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯವೇ. ತಮ್ಮದೇ ವಿಶ್ವವಿದ್ಯಾಲಯ ಬೇಕೆಂಬ ಕೂಗು ಕರ್ನಾಟಕದ ಏಕೀಕರಣದ ಕೂಗಿನ ಜೊತೆಜೊತೆಗೇ ಬೆಳೆಯಿತು. ಕೊನೆಗೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಾಯಿದೆ ಆಯಿತು. ಆದರೂ ಕಚೇರಿ ಮೊದಲು ತೆರೆದದ್ದು ಮುಂಬಯಿಯಲ್ಲಿ. ಮರುವರ್ಷ, 1950ರಲ್ಲಿ, ಅದು ಧಾರವಾಡಕ್ಕೆ ಬಂತು. ತವರಿನಲ್ಲಿ ಹೆರಿಗೆಯಾಗಿ ಮಗು ಅಪ್ಪನ ಮನೆಗೆ ಬಂದ ಹಾಗೆ ಎಂದು ಅಕ್ಕ ನಗುತ್ತಿದ್ದಳು. 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಗೋಕಾಕ ಸೀಮೆಯ ಹಳ್ಳಿಯಿಂದ ಬಂದು ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. ಛೋಟಾ ಮಹಾಬಳೇಶ್ವರ ಎಂದು ಕರೆಯುವ ಗುಡ್ಡದ ಮೇಲೆ ಇವತ್ತು ಕಾಣುವ ವಿಶ್ವವಿದ್ಯಾಲಯದ ಬಹುಭಾಗ ಎದ್ದದ್ದು ಅವರ ಕಾಲದಲ್ಲಿ.

"ನಿಮ್ಮ ಮೈಸೂರಾಗ ಅರಸ ಕಟ್ಟಿಸಿದ. ನಮ್ಮ ಕಡೆ ಮಂದಿ ಬೇಡಿ ಕಟ್ಟ್ಯಾರ" ಎಂದು ಅಕ್ಕ ನನ್ನನ್ನು ಆಗಾಗ ಚುಚ್ಚುತ್ತಿದ್ದಳು. ಮಾತಿನಲ್ಲೂ ಭೇದವಿತ್ತು. ನಾವು 'ಓದುತ್ತೇವೆ', ಅವರು 'ಕಲಿಯುತ್ತಾರೆ'. ನಮ್ಮದು ಸಂಬಳ, ಅವರದು ಪಗಾರ. ನಮ್ಮದು ವಿಶ್ವವಿದ್ಯಾನಿಲಯ, ಅವರದು ವಿಶ್ವವಿದ್ಯಾಲಯ. ಒಂದಕ್ಷರ ಕಡಿಮೆ ಇದ್ದರೂ ನಮ್ಮದರ ತೂಕ ಕಡಿಮೆಯಲ್ಲ ಎಂದು ಅವಳ ವಾದ.

ಈಗ ಖರ್ಚಿನ ಮಾತಿಗೆ ಬರುತ್ತೇನೆ. ನಾನು 1969ರಲ್ಲಿ ಮಾನಸಗಂಗೋತ್ರಿಗೆ ಸೇರಿದೆ. ಅಕ್ಕ ನನಗಿಂತ ಮೂರು ವರ್ಷ ಮೊದಲು ಧಾರವಾಡದಲ್ಲಿ ಕನ್ನಡ ಎಂ.ಎ.ಗೆ ಸೇರಿದ್ದಳು. ಎರಡೂ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳು. ಶುಲ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಮ್ಮ ಎರಡು ಮನೆಯವರಿಗೆ ಕಾಣಲಿಲ್ಲ. ನಮ್ಮ ತಂದೆಯವರ ಲೆಕ್ಕದ ಪುಸ್ತಕದಲ್ಲಿ ಕಾಲೇಜಿನ ಶುಲ್ಕಕ್ಕೆ ಒಂದೇ ಸಾಲು. ಅದರ ಕೆಳಗಿನ ಸಾಲುಗಳೇ ಉದ್ದ.

ಮೊದಲನೆಯದು ರೈಲಿನ ಖರ್ಚು. ಹರಿಹರದಿಂದ ಧಾರವಾಡ ಸುಮಾರು ನೂರೈವತ್ತು ಕಿಲೋಮೀಟರು. ಮೈಸೂರು ಅದರ ಎರಡರಷ್ಟು ದೂರ, ಸಾಲದ್ದಕ್ಕೆ ಅರಸೀಕೆರೆಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಹುಡುಗನಾದರೆ ಒಂದು ಟಿಕೆಟ್ಟು, ಮುಗಿಯಿತು. ಹುಡುಗಿಯನ್ನು ಒಬ್ಬಳೇ ಕಳಿಸುವ ಕಾಲ ಅದಲ್ಲ. ಬಿಡಲು ಅಪ್ಪ ಬರಬೇಕು, ಬಿಟ್ಟು ಅಪ್ಪ ವಾಪಸು ಹೋಗಬೇಕು. ರಜೆ ಬಂದಾಗ ಕರೆದೊಯ್ಯಲು ಮತ್ತೆ ಬರಬೇಕು. ಅಂದರೆ ಹುಡುಗಿಯ ಒಂದು ಪ್ರಯಾಣಕ್ಕೆ ಮೂರು ಟಿಕೆಟ್ಟು. ದೂರ ಎರಡರಷ್ಟು, ಟಿಕೆಟ್ಟು ಮೂರು. ರಾಣೆಬೆನ್ನೂರಿನ ಹುಡುಗ ಧಾರವಾಡಕ್ಕೆ ಹೋಗುವ ಖರ್ಚಿನ ಆರರಷ್ಟಕ್ಕೂ ಹೆಚ್ಚು ಹರಿಹರದ ಹುಡುಗಿ ಮೈಸೂರಿಗೆ ಹೋಗಲು. ಇದನ್ನು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಅಚ್ಚು ಹಾಕಿರಲಿಲ್ಲ.

ಹಾಗಿದ್ದರೆ ನೀನೂ ಹೊಳೆ ದಾಟಿ ಧಾರವಾಡಕ್ಕೇ ಹೋಗಬಹುದಿತ್ತಲ್ಲ ಎನ್ನಬಹುದು. ರಾಜ್ಯದ ಗಡಿ ಅಳಿಸಿದರೂ ವಿಶ್ವವಿದ್ಯಾಲಯದ ಗಡಿ ಹಾಗೆಯೇ ಉಳಿದಿತ್ತು. ದಾವಣಗೆರೆಯ ನನ್ನ ಕಾಲೇಜು ಮೈಸೂರಿಗೆ ಸೇರಿದ್ದು. ಬೇರೆಡೆಗೆ ಹೋಗಬೇಕೆಂದರೆ ಮೈಗ್ರೇಶನ್ ಸರ್ಟಿಫಿಕೇಟು, ಅದು ಇದು ಎಂದು ಕಾಗದಪತ್ರಕ್ಕೆ ಅಲೆಯಬೇಕು. ನಮ್ಮ ತಂದೆ ಕಚೇರಿ ಅಲೆಯುವುದಕ್ಕಿಂತ ರೈಲು ಹತ್ತುವುದೇ ಮೇಲು ಎಂದರು.

ಎರಡನೆಯದು ಊಟ ವಸತಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಬಡ ಹುಡುಗರ ಓದಿಗೆ ನಮ್ಮ ಸಮಾಜ ದಾರಿ ಮಾಡಿಕೊಟ್ಟಿತ್ತು. ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿ ದೊಡ್ಡವರಾದವರು ಎಷ್ಟೋ ಜನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಧಾರವಾಡದಲ್ಲಿ ಮುರುಘಾಮಠದ ಪ್ರಸಾದ ನಿಲಯವಿತ್ತು. ಮೈಸೂರಿನಲ್ಲಿ ಸುತ್ತೂರು ಮಠದವರು ವಿದ್ಯಾರ್ಥಿನಿಲಯ ನಡೆಸಿದರು. ಒಂದೊಂದು ಜಾತಿಯವರೂ ಹಾಸ್ಟೆಲು ಕಟ್ಟಿದರು. ಅನ್ನ ಹಾಕಿದ ಆ ಕೈಗಳಿಗೆ ನಮಸ್ಕಾರ. ಆದರೆ ಇದೆಲ್ಲ ಆ ಕಾಲಕ್ಕೆ ಬಹುಮಟ್ಟಿಗೆ ಹುಡುಗರಿಗೇ ಆಗಿತ್ತು. ಹುಡುಗಿ ವಾರಾನ್ನಕ್ಕೆ ಯಾರ ಮನೆಗೆ ಹೋಗಬೇಕು? ಗಂಡುಮಕ್ಕಳ ಬಡತನಕ್ಕೆ ಮಠವಿತ್ತು, ಮನೆಗಳಿದ್ದವು. ಹೆಣ್ಣುಮಕ್ಕಳಿಗೆ ಅಪ್ಪನ ಜೇಬು ಒಂದೇ. ಜೇಬು ಖಾಲಿಯಾದರೆ ಓದು ನಿಂತಿತು.

ಮೂರನೆಯ ಸಾಲನ್ನು ಯಾರೂ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಅದು ಮುಂದಕ್ಕೆ ಹೋದ ಮದುವೆ. "ಎರಡು ವರ್ಷ ಓದಿಸಿದರೆ ಹುಡುಗಿಗೆ ಎರಡು ವರ್ಷ ವಯಸ್ಸಾಗುತ್ತದೆ, ಅವಳಿಗಿಂತ ಹೆಚ್ಚು ಓದಿದ ವರ ಬೇಕಾಗುತ್ತದೆ, ಅಂಥವನು ಕೇಳುವುದೂ ಹೆಚ್ಚು" ಎಂದು ನಮ್ಮ ಸೋದರತ್ತೆ ಬೆರಳು ಮಡಿಚಿ ಲೆಕ್ಕ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅವರ ಲೆಕ್ಕ ಕೆಟ್ಟ ಲೆಕ್ಕವೇ, ಆದರೆ ತಪ್ಪು ಲೆಕ್ಕವಲ್ಲ. ಎಷ್ಟೋ ಮನೆಗಳಲ್ಲಿ ಅದೇ ಗೆದ್ದಿತು.

ನಾಲ್ಕನೆಯದು, ಕಟ್ಟಡಗಳೇ ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಲ್ಲ ಎಂಬುದು. ಸುಧಾ ಮೂರ್ತಿಯವರು 1960ರ ದಶಕದ ಕೊನೆಗೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೇರಿದಾಗ ತರಗತಿಗೆಲ್ಲ ತಾವೊಬ್ಬರೇ ಹುಡುಗಿ ಎಂದೂ, ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂದೂ ಹೇಳಿಕೊಂಡಿದ್ದಾರೆ. ಓದಿದ ಹೆಂಗಸರು ಯಾರೇ ಇದನ್ನು ಕೇಳಲಿ, ಅವರಿಗೆ ಹೆಚ್ಚಿಗೆ ವಿವರಿಸಬೇಕಾಗಿಲ್ಲ.

ಇಷ್ಟು ಕೊಟ್ಟು ಪಡೆದದ್ದೇನು? ಮೈಸೂರು ನನಗೆ ಕೊಟ್ಟದ್ದು ಕನ್ನಡದಲ್ಲಿ ಎಲ್ಲವನ್ನೂ ಹೇಳಬಹುದೆಂಬ ಧೈರ್ಯ. 1927ರಲ್ಲೇ ಅಲ್ಲಿ ಕನ್ನಡ ಎಂ.ಎ. ಆರಂಭವಾಗಿತ್ತು. ಆ ಮೊದಲ ತರಗತಿಯಲ್ಲಿ ಕುಳಿತ ಕುವೆಂಪು 1956ರಲ್ಲಿ ಕುಲಪತಿಗಳಾಗಿ, ಕುಕ್ಕರಹಳ್ಳಿ ಕೆರೆಯ ಆಸುಪಾಸಿನಲ್ಲಿ ಹೊಸ ಆವರಣ ಮಾಡಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ನಾನು ಸೇರಿದ 1969ರಲ್ಲೇ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು. ವಿದ್ವಾಂಸರ ಉಪನ್ಯಾಸಗಳನ್ನು ಹಳ್ಳಿ ಪಟ್ಟಣಗಳಲ್ಲಿ ಮಾಡಿಸಿ, ಅವನ್ನೇ ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಕೊಡುವ ಪದ್ಧತಿ ಅದಕ್ಕೂ ಹಿಂದಿನದು. ನಮ್ಮ ತಂದೆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ಸಣ್ಣ ಪುಸ್ತಕಗಳು ನಮ್ಮ ಮನೆಯ ಗೂಡಿನಲ್ಲಿ ಸಾಲಾಗಿದ್ದವು. ಮಗಳನ್ನು ಅಷ್ಟು ದೂರ ಕಳಿಸುವ ಮನಸ್ಸು ಅವರಿಗೆ ಬಂದದ್ದು ಅವುಗಳಿಂದಲೇ ಇರಬೇಕು.

ಅದೇ 1969ರಲ್ಲಿ ಇನ್ನೊಂದು ಕೆಲಸವಾಯಿತು. ಮೈಸೂರು ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳಿಸುವ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿಯವರೆಗೆ ಹುಡುಗಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು, ಈಗ ವಿಶ್ವವಿದ್ಯಾಲಯ ಅಂಚೆಯಣ್ಣನ ಚೀಲದಲ್ಲಿ ಮನೆಗೆ ಬಂತು. ನಮ್ಮ ಅತ್ತಿಗೆ ಎರಡು ಮಕ್ಕಳಾದ ಮೇಲೆ ಹೀಗೆ ಬಿ.ಎ. ಮಾಡಿದರು. ರಾತ್ರಿ ಅಡುಗೆಮನೆ ಸಾರಿಸಿ, ಮಕ್ಕಳನ್ನು ಮಲಗಿಸಿ, ಒಲೆಯ ಪಕ್ಕ ಮಣೆ ಹಾಕಿಕೊಂಡು ಪಾಠದ ಹಾಳೆ ಬಿಡಿಸುತ್ತಿದ್ದರು. ಮೂರು ಟಿಕೆಟ್ಟಿನ ಖರ್ಚಿಲ್ಲ, ಹಾಸ್ಟೆಲ್ಲಿಲ್ಲ, ಮದುವೆ ಮುಂದೂಡುವ ಮಾತಂತೂ ಇಲ್ಲವೇ ಇಲ್ಲ. ಮೈಸೂರಿನ ದೊಡ್ಡ ದೊಡ್ಡ ಹೆಸರುಗಳ ನಡುವೆ ಈ ಅಂಚೆಯ ಪಾಠವನ್ನು ಯಾರೂ ಹೊಗಳುವುದಿಲ್ಲ. ಹೆಂಗಸರ ಲೆಕ್ಕದಲ್ಲಿ ನಾನು ಅದನ್ನೇ ಮೊದಲು ಬರೆಯುತ್ತೇನೆ.

ಧಾರವಾಡ ಕೊಟ್ಟದ್ದು ಬೇರೆ ಬಗೆಯದು. 1939ರಲ್ಲಿ ಮುಂಬಯಿ ಸರ್ಕಾರ ಅಲ್ಲಿ ತೆರೆದಿದ್ದ ಕನ್ನಡ ಸಂಶೋಧನ ಸಂಸ್ಥೆ ಮುಂದೆ ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಶಾಸನ, ತಾಳೆಗರಿ, ವಚನಗಳ ಕೆಲಸ ಅಲ್ಲಿ ಹುಲುಸಾಗಿ ನಡೆಯಿತು. ಆರ್.ಸಿ. ಹಿರೇಮಠರು, ಎಂ.ಎಂ. ಕಲಬುರ್ಗಿಯವರು ಅಲ್ಲಿ ಕನ್ನಡ ಕಲಿಸಿದವರು. ಗಿರೀಶ ಕಾರ್ನಾಡರು ಪದವಿ ಪಡೆದದ್ದು ಅಲ್ಲಿಯ ಕರ್ನಾಟಕ ಕಾಲೇಜಿನಿಂದ. ಆದರೆ ಅಕ್ಕನನ್ನು ಕೇಳಿದರೆ ಈ ಹೆಸರುಗಳನ್ನು ಹೇಳುವುದಿಲ್ಲ. "ನನ್ನ ಮಾತು ಕೇಳಿ ಅಲ್ಲಿ ಯಾರೂ ನಗಲಿಲ್ಲ" ಎನ್ನುತ್ತಾಳೆ. ರೊಟ್ಟಿ ಉಣ್ಣುವ ಮನೆಯ ಹುಡುಗಿ, ರೊಟ್ಟಿಯ ಊರಿನಲ್ಲಿ, ತನ್ನ ಮಾತಿನಲ್ಲೇ ಪಾಠ ಕೇಳಿದಳು. ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಮೈಸೂರಿನ ಮೊದಲ ಆರು ತಿಂಗಳು ನನ್ನ ಕೆಲವು ಮಾತುಗಳನ್ನು ಗೆಳತಿಯರು ಅಣಕಿಸಿ ಆಡುವಾಗ ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ನಮ್ಮ ದೊಡ್ಡಮ್ಮ 1930ರ ದಶಕದಲ್ಲಿ ಮುಲ್ಕಿ ಪಾಸಾಗಿ ಅಲ್ಲಿಗೇ ನಿಂತವರು. ಮುಂದೆ ಕಲಿಯಬೇಕೆಂದರೆ ಊರು ಬಿಡಬೇಕಿತ್ತು. ಮಗಳು ಎಂ.ಎ. ಮುಗಿಸಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದು ಮೊದಲ ಪಗಾರ ತಂದು ಕೈಗಿಟ್ಟಾಗ, ದೊಡ್ಡಮ್ಮ ಅದನ್ನು ದೇವರ ಮುಂದೆ ಇಡಲಿಲ್ಲವಂತೆ. ತಮ್ಮ ಮುಲ್ಕಿ ಸರ್ಟಿಫಿಕೇಟು ಇಟ್ಟಿದ್ದ ಟ್ರಂಕು ತೆಗೆದು ಅದರ ಮೇಲಿಟ್ಟರಂತೆ. ಧಾರವಾಡ ಅಷ್ಟು ಹತ್ತಿರ ಇರದಿದ್ದರೆ ಮಗಳ ಕಾಗದವೂ ಅದೇ ಟ್ರಂಕಿನಲ್ಲಿ ಅಮ್ಮನ ಕಾಗದದ ಜೊತೆ ಮಲಗಿರುತ್ತಿತ್ತು.

ಎರಡರ ಉಪಕಾರವೂ ಸೇರಿದ್ದನ್ನು ನೋಡಬೇಕೆಂದರೆ ಡಾ. ಅನುಪಮಾ ನಿರಂಜನರನ್ನು ನೆನೆಯಬೇಕು. ಅವರು ತೀರ್ಥಹಳ್ಳಿಯವರು. ವೈದ್ಯಕೀಯ ಓದಿದ್ದು ಮೈಸೂರಿನಲ್ಲಿ, ವೃತ್ತಿ ಮಾಡಿದ್ದು ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಬಸುರಿ ಬಾಣಂತಿಯರಿಗೆ, ಹೊಸದಾಗಿ ಮದುವೆಯಾದವರಿಗೆ ತಿಳಿಯಬೇಕಾದ್ದನ್ನು ಅವರು ಕನ್ನಡದಲ್ಲಿ ನೇರವಾಗಿ ಬರೆದರು. 'ತಾಯಿ ಮಗು' ನಮ್ಮ ಎಷ್ಟು ಮನೆಗಳಲ್ಲಿರಲಿಲ್ಲ! ಒಬ್ಬ ಹುಡುಗಿಯನ್ನು ಓದಿಸಿದ ಖರ್ಚು, ಕಾಲೇಜು ನೋಡದ ಹೆಂಗಸರ ತನಕ ಹೀಗೆ ಲಾಭವಾಗಿ ಮುಟ್ಟಿತು.

ದೂರದ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ. ನಮ್ಮ ಹರಿಹರಕ್ಕೆ ಪದವಿ ಕೊಡುವ ಊರು 1916ರ ವರೆಗೆ ಮದರಾಸು. ಆಮೇಲೆ ಮೈಸೂರು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾದಾಗ ಅದು ಶಿವಮೊಗ್ಗ ಜಿಲ್ಲೆಗೆ ಬಂತು. 2009ರಲ್ಲಿ ದಾವಣಗೆರೆಗೇ ಒಂದು ವಿಶ್ವವಿದ್ಯಾನಿಲಯ ಆಯಿತು. ಈಗ ನಮ್ಮೂರಿನ ಹುಡುಗಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಒಂದೇ ಟಿಕೆಟ್ಟು. ಹೊಳೆಯಾಚೆಗೂ ಹಾಗೆಯೇ. ಮುಂಬಯಿಯಿಂದ ಧಾರವಾಡ, ಧಾರವಾಡದಿಂದ 2023ರಲ್ಲಿ ಹಾವೇರಿ. ವಿಜಯಪುರದಲ್ಲಿ 2003ರಲ್ಲಿ ಹೆಣ್ಣುಮಕ್ಕಳಿಗೆಂದೇ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಈಗ ಅಕ್ಕಮಹಾದೇವಿಯ ಹೆಸರು.

ಎಲ್ಲರಿಗೂ ದೂರ ಕಡಿಮೆಯಾಗುತ್ತಲೇ ಬಂತು ಎನ್ನುವಂತಿಲ್ಲ. ಬೀದರಿನವರಿಗೆ 1956ರ ಮೊದಲು ಹೈದರಾಬಾದಿನ ಉಸ್ಮಾನಿಯಾ ಹತ್ತಿರವಿತ್ತು. ಏಕೀಕರಣದ ನಂತರ ಆ ಸೀಮೆಯ ಕಾಲೇಜುಗಳು ಧಾರವಾಡಕ್ಕೆ ಸೇರಿದವು. ಬೀದರಿನಿಂದ ಧಾರವಾಡ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು. ಕನ್ನಡಿಗರೆಲ್ಲ ಒಂದಾದೆವೆಂದು ನಾವು ಸಿಹಿ ಹಂಚಿದ ದಿನ, ಬೀದರಿನ ಹುಡುಗಿಗೆ ವಿಶ್ವವಿದ್ಯಾಲಯ ದೂರವಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗುವ ತನಕ ಆ ಕಡೆಯ ಎಷ್ಟು ಹೆಣ್ಣುಮಕ್ಕಳ ಓದು ಬಿ.ಎ.ಗೇ ನಿಂತಿತೋ.

2025ರ ಫೆಬ್ರವರಿಯಲ್ಲಿ ಪತ್ರಿಕೆ ಓದುವಾಗ ನನಗೆ ಇದೆಲ್ಲ ಒಟ್ಟಿಗೆ ನೆನಪಾಯಿತು. ಹೊಸದಾಗಿ ತೆರೆದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತ್ತು. ಹಣವಿಲ್ಲ, ಜಾಗವಿಲ್ಲ, ಪೂರ್ತಿ ಸಂಬಳದ ಅಧ್ಯಾಪಕರಿಲ್ಲ ಎಂಬ ಕಾರಣಗಳು. ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಕಾರಣಗಳು ಸುಳ್ಳಲ್ಲ. ಪುಸ್ತಕವಿಲ್ಲದ, ಮೇಷ್ಟ್ರಿಲ್ಲದ ವಿಶ್ವವಿದ್ಯಾಲಯ ಬರೀ ಒಂದು ಬೋರ್ಡು, ಅದರ ಪದವಿಯನ್ನು ನಂಬಿಕೊಂಡ ಹುಡುಗಿಗೆ ಮೋಸವೇ. ಆದರೆ 1930ರ ದಶಕದಲ್ಲಿ ಕರ್ನಾಟಕ ಕಾಲೇಜನ್ನು ಮುಚ್ಚೋಣ ಎಂದವರೂ ಖರ್ಚಿನ ಲೆಕ್ಕವನ್ನೇ ತೋರಿಸಿದ್ದರಲ್ಲವೇ? ಆಗ ಮುಚ್ಚಿದ್ದರೆ ಸರ್ಕಾರಕ್ಕೆ ಒಂದಷ್ಟು ಹಣ ಉಳಿಯುತ್ತಿತ್ತು, ನಮ್ಮಕ್ಕನ ಕೈಗೆ ಪಗಾರ ಬರುತ್ತಿರಲಿಲ್ಲ. ಸರ್ಕಾರ ಉಳಿಸಿದ ಖರ್ಚು ಎಲ್ಲಿಗೂ ಮಾಯವಾಗುವುದಿಲ್ಲ. ಅದು ಮೂರು ಟಿಕೆಟ್ಟಾಗಿ ಯಾವುದೋ ಅಪ್ಪನ ಲೆಕ್ಕದ ಪುಸ್ತಕಕ್ಕೆ ಬರುತ್ತದೆ. ಆ ಅಪ್ಪನಿಗೆ ಆಗದಿದ್ದರೆ ಮಗಳ ಓದಿನ ಮೇಲೆ ಬರುತ್ತದೆ.

ಆದ್ದರಿಂದ ಮದುವೆಮನೆಯಲ್ಲಿ ಕೇಳುವ ತಾಯಂದಿರಿಗೆ ನನ್ನ ಉತ್ತರ ಇಷ್ಟು. ಮೈಸೂರೂ ಒಳ್ಳೆಯದೇ, ಧಾರವಾಡವೂ ಒಳ್ಳೆಯದೇ. ಒಂದನ್ನು ಅರಮನೆ ಕಟ್ಟಿತು, ಒಂದನ್ನು ಊರವರು ಕಟ್ಟಿದರು, ಎರಡೂ ನಮ್ಮವು. ಮಗಳು ಆರಿಸಿಕೊಂಡ ವಿಷಯಕ್ಕೆ ಅಲ್ಲಿ ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ ಕೇಳಿ. ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಿ ನೀರು, ಶೌಚಾಲಯ ನೋಡಿ ಬನ್ನಿ. ಗ್ರಂಥಾಲಯ ಸಂಜೆ ಎಷ್ಟು ಗಂಟೆಯ ತನಕ ತೆರೆದಿರುತ್ತದೆ ವಿಚಾರಿಸಿ. ಶುಲ್ಕದ ರಸೀದಿಯನ್ನು ಕೊನೆಗೆ ನೋಡಿ. ಹತ್ತಿರದ್ದು ಚೆನ್ನಾಗಿದ್ದರೆ ಹತ್ತಿರಕ್ಕೇ ಕಳಿಸಿ. ಚೆನ್ನಾಗಿಲ್ಲದಿದ್ದರೆ ಅದನ್ನು ಮುಚ್ಚಿ ಎನ್ನಬೇಡಿ, ಸರಿಮಾಡಿ ಎಂದು ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ. ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ಅರಸರಾಗಿರಲಿಲ್ಲ. ಕೇಳಿದರು, ಕೂಡಿಸಿದರು, ಆಯಿತು. ದೂರಕ್ಕೇ ಕಳಿಸಬೇಕಾಗಿ ಬಂದರೆ ಕಳಿಸಿ. ಈಗ ಹುಡುಗಿಯರು ಒಬ್ಬರೇ ಹೋಗಿ ಬರುತ್ತಾರೆ, ಉಳಿದ ಎರಡು ಟಿಕೆಟ್ಟಿನ ಹಣವನ್ನು ಪುಸ್ತಕಕ್ಕೆ ಕೊಡಿ.